ಹಿಮ್ಮಡಿ ನೆಲಕ್ಕೆ ತಾಗಲಿಲ್ಲ

ಬೆಂಗಳೂರಿನ ಆಸ್ಪತ್ರೆಯೊಂದರ ನ್ಯೂರೋ ಐಸಿಯುನಲ್ಲಿ ನಾನು ಫಿಸಿಯೋಥೆರಪಿಸ್ಟ್. ತುಮಕೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು, ಮಿದುಳಿನ ಮೇಲೆ ಹೆಪ್ಪುಗಟ್ಟಿದ ರಕ್ತವನ್ನು ತೆಗೆಸಿಕೊಂಡು ಬಂದ ತರುಣನೊಬ್ಬನ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್, ಎಚ್ಚರದ ಅಂಕ) ಆಗ 6 ಇತ್ತು. ಎದೆಯ ಫಿಸಿಯೋವನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಕಾಲುಗಳನ್ನು ಮಾತ್ರ ‘ಮೊದಲು ಎಚ್ಚರವಾಗಲಿ’ ಎಂದು ಮುಂದೂಡಿದೆ. ಕಾಲುಗಳನ್ನು ಆಡಿಸಿದರೆ ತಲೆಯೊಳಗಿನ ಒತ್ತಡ ಏರೀತೆಂಬ ಅಂಜಿಕೆ ಮೊದಲ ದಿನಗಳಲ್ಲಿ ಸರಿಯೇ ಆಗಿತ್ತು, ಆದರೆ ಆ ಒತ್ತಡ ಅಳೆಯುವ ಐಸಿಪಿ ಮಾನಿಟರ್ ತೆಗೆದ ಮೇಲೂ ಅದೇ ಅಂಜಿಕೆಯನ್ನು ಹಿಡಿದು ಕುಳಿತದ್ದು ನನ್ನ ತಪ್ಪು.

ರೌಂಡ್ಸ್‌ನಲ್ಲಿ ದಿನವೂ ಕೇಳುತ್ತಿದ್ದುದು ಜಿಸಿಎಸ್ ಒಂದನ್ನೇ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಆ ಮಾಪನ 3ರಿಂದ 15ರೊಳಗೆ ರೋಗಿಯ ಎಚ್ಚರದ ಮಟ್ಟವನ್ನು ಹೇಳುತ್ತದೆ; ಮೀನಖಂಡ ಬಿಗಿಯುತ್ತಿರುವುದನ್ನು ಹೇಳುವುದಿಲ್ಲ. ಹೊದಿಕೆಯಡಿ ಆತನ ಪಾದಗಳು ದಿನೇ ದಿನೇ ಕೆಳಮುಖವಾಗಿ ಸೆಡೆಯುತ್ತಿದ್ದುದನ್ನು ನಾನು ಕಂಡಿದ್ದೆ, ಚಾರ್ಟಿನಲ್ಲಿ ಬರೆದಿರಲಿಲ್ಲ.

ಇಪ್ಪತ್ತನಾಲ್ಕನೆಯ ದಿನ ಆತನನ್ನು ನಿಲ್ಲಿಸಲು ಹೊರಟೆವು. ತಾಯಿ ಹೊಸ ಚಪ್ಪಲಿಗಳನ್ನು ಕವರಿನಿಂದ ತೆಗೆದು ಮಂಚದ ಪಕ್ಕ ಜೋಡಿಸಿಟ್ಟಿದ್ದರು. ಉಸಿರಾಟಕ್ಕೆಂದು ಕತ್ತಿನಲ್ಲಿ ಹಾಕಿದ್ದ ಟ್ರಾಕ್ ಟ್ಯೂಬನ್ನು ಸಿಸ್ಟರ್ ಹಿಡಿದುಕೊಂಡರು, ನಾನು ಆತನ ಮೊಣಕಾಲುಗಳಿಗೆ ನನ್ನ ಮೊಣಕಾಲು ಕೊಟ್ಟು ಎಬ್ಬಿಸಿದೆ. ನೆಲಕ್ಕೆ ತಾಗಿದ್ದು ಕಾಲಿನ ಮುಂಭಾಗ ಮಾತ್ರ. ಹಿಮ್ಮಡಿಗಳು ಎರಡು ಬೆರಳಿನಷ್ಟು ಮೇಲೆಯೇ ನಿಂತವು. ಮೈ ಹಿಂದಕ್ಕೆ ವಾಲತೊಡಗಿತು, ಮುಖ ಬಿಳಿಚಿ ಹಣೆಯಲ್ಲಿ ಬೆವರೊಡೆಯಿತು, ಬಿಪಿ ಇಳಿಯುತ್ತಿದೆ ಎಂದು ಸಿಸ್ಟರ್ ಕೂಗಿದರು. ಮಲಗಿಸಿ ಕಾಲೆತ್ತಿಟ್ಟು, ಅಂಕಿ ಮೇಲೇರುವವರೆಗೆ ಕಳೆದ ನಾಲ್ಕೈದು ನಿಮಿಷ ನನ್ನ ಕಣ್ಣು ಆ ಹಿಮ್ಮಡಿಗಳಿಂದ ಕದಲಲಿಲ್ಲ.

“ಕಾಲಿಗೂ ಏಟಾಗಿತ್ತಾ ಮೇಡಂ?” ಎಂದು ತಾಯಿ ಕೇಳಿದರು. ಆ ಕಾಲುಗಳಿಗೆ ಅಪಘಾತದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. “ಇಲ್ಲಮ್ಮ, ನಾವು ಮೊದಲೇ ನೋಡಿಕೊಳ್ಳಬೇಕಿತ್ತು” ಎಂದೆ.

ವಾರವಾರವೂ ಪ್ಲಾಸ್ಟರ್ ಬದಲಿಸುತ್ತ ಆ ಪಾದಗಳನ್ನು ಸಮಕ್ಕೆ ತರಲು ಎರಡು ತಿಂಗಳು ಹಿಡಿಯಿತು. ಈಗ ನಮ್ಮ ಚಾರ್ಟಿನಲ್ಲಿ ಜಿಸಿಎಸ್ ಪಕ್ಕದಲ್ಲೇ ಪಾದದ ಕೀಲಿನ ಕೋನಕ್ಕೂ ಒಂದು ಕಾಲಂ ಇದೆ. ಹತ್ತು ನಿಮಿಷ ಪಾದವನ್ನು ಎಳೆದು ಹೋದರೆ ಸಾಲದು, ದಿನದ ಉಳಿದ ಹೊತ್ತೆಲ್ಲ ಅದು ಹೇಗಿರುತ್ತದೆ ಎಂಬುದೇ ದೊಡ್ಡದು. ಆದ್ದರಿಂದ ಪ್ರತಿ ಶಿಫ್ಟಿನಲ್ಲಿ ಸಿಸ್ಟರ್‌ಗಳು ಪಾದವನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಸ್ಪ್ಲಿಂಟ್ ಬಿಚ್ಚಿ, ಚರ್ಮ ಕೆಂಪಾಗಿದೆಯೇ ನೋಡಿ, ಮತ್ತೆ ಕಟ್ಟುತ್ತಾರೆ. ಆದರೂ ಒಂದು ಜೊತೆ ಸ್ಪ್ಲಿಂಟ್ ತರಿಸುವ ಬೇಡಿಕೆ ಚೀಟಿಗೆ ಮೂರು ಸಹಿ ಬೇಕು, ಭಾನುವಾರ ಫಿಸಿಯೋ ಡ್ಯೂಟಿಯೇ ಇಲ್ಲ. ಈ ಎರಡರ ಬಗ್ಗೆಯೂ ಆಡಳಿತದವರಿಗೆ ಮೂರನೆಯ ಪತ್ರವನ್ನು ಕಳೆದ ವಾರ ಕೊಟ್ಟಿದ್ದೇನೆ.