ಸ್ಪೀಡ್ ಇಲ್ಲದವರು ಲಾಂಗಿಗೆ

“ಇವಳಿಗೆ ಸ್ಪೀಡ್ ಕಮ್ಮಿ ಮೇಡಂ. ಲಾಂಗಿಗೆ ಹಾಕುವ.”

ಮೊನ್ನೆ ಮಂಗಳವಾರ ಪಿಟಿ ಮಾಸ್ಟ್ರು ಹೇಳಿದ್ದು ಇಷ್ಟೇ. ತಲೆ ಕೂಡ ಎತ್ತಲಿಲ್ಲ. ಪಟ್ಟಿಯಲ್ಲಿ 100 ಮೀಟರ್ ಎದುರು ಇದ್ದ ಹೆಸರಿಗೆ ಗೀಟು ಹಾಕಿದರು. ಕೆಳಗೆ 1500 ಅಂತ ಇದ್ದಲ್ಲಿ ಅದೇ ಹೆಸರು ಬರೆದರು. ಪೆನ್ನಿನ ಮುಚ್ಚಳ ಹಾಕಿದರು. ಮುಗಿಯಿತು.

ಅಕ್ಕನ ಮಗಳು ಅಲ್ಲೇ ಪಕ್ಕದಲ್ಲಿ ನಿಂತಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಸರಿಯಾಗೇ ಕಟ್ಟಿದ್ದ ಶೂ ಲೇಸನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. ನನ್ನ ಸ್ಕೂಟರ್ ಹಿಂದೆ ಕೂತು ಮನೆಗೆ ಬರುವಾಗ ಬೀಡಿನಗುಡ್ಡೆ ತನಕ ಒಂದು ಮಾತಿಲ್ಲ.

ಮಾಸ್ಟ್ರು ಕೆಟ್ಟವರಲ್ಲ. ಕ್ರೀಡಾಕೂಟದ ದಿನ ಸ್ವಂತ ದುಡ್ಡಲ್ಲಿ ಗ್ಲೂಕೋಸ್ ಡಬ್ಬ ತರುವ ಮನುಷ್ಯ. ಆದರೂ ನನಗೆ ಸಿಟ್ಟು ಬಂದದ್ದು ಹೌದು. 1500ಕ್ಕೆ ಹಾಕಿದ್ದಕ್ಕಲ್ಲ. ಆ ‘ಕಮ್ಮಿ’ ಅಂದದ್ದಕ್ಕೆ. ಅಕ್ಕನಿಗೆ ಹೇಳಿದರೆ, “ಯಾವುದಾದ್ರೂ ಎಂತ, ಸರ್ಟಿಫಿಕೇಟ್ ಸಿಗ್ತದಲ್ಲ” ಅಂದಳು. ಅಕ್ಕ ಮೊದಲಿಂದಲೂ ಹೀಗೇ. ಅವಳ ಹತ್ತಿರ ಯಾವ ಬೇಸರ ಹೇಳಿಕೊಂಡರೂ ಅದಕ್ಕೆ ಲ್ಯಾಮಿನೇಷನ್ ಮಾಡಿ ಕೊಡ್ತಾಳೆ.

ರಾತ್ರಿ ಮಲಗಿದರೂ ಅದೇ ಮಾತು. ಸ್ಪೀಡ್ ಕಮ್ಮಿ, ಲಾಂಗಿಗೆ ಹಾಕುವ. ಇದು ಆ ಒಬ್ಬ ಮಾಸ್ಟ್ರು ಕಂಡುಹಿಡಿದ ಸಿದ್ಧಾಂತ ಅಲ್ಲ. ನಾವು ಶಾಲೆಗೆ ಹೋಗುವಾಗಲೂ ಹೀಗೇ ಇತ್ತು. ಗುಂಡು ಹೊಡೆದ ಕೂಡಲೇ ಹಾರುವವರು 100ಕ್ಕೆ, ಉಳಿದವರು 400ಕ್ಕೆ, ಅಲ್ಲಿಯೂ ಉಳಿದವರು ಲಾಂಗಿಗೆ. ದೂರ ಓಡುವುದು ಅಂದರೆ ನಿಧಾನಕ್ಕೆ ಓಡುವುದು ಅಂತಲೇ ಎಲ್ಲರ ಲೆಕ್ಕ. ಟಿವಿಯಲ್ಲಿ ನೋಡುವಾಗಲೂ ಹಾಗೇ ಕಾಣುತ್ತದೆ. ಹತ್ತು ಜನ ಒಟ್ಟಿಗೆ, ಒಂದೇ ವೇಗದಲ್ಲಿ, ಮುಖದಲ್ಲಿ ಏನೂ ಇಲ್ಲದೆ ಹೋಗುತ್ತಿರುತ್ತಾರೆ. ನಾವು ಚಾ ಮಾಡಿಕೊಂಡು ಬಂದರೂ ಹೋಗುತ್ತಲೇ ಇರುತ್ತಾರೆ. ಪಕ್ಕದಲ್ಲಿ ನಮ್ಮಂಥವರು ಒಬ್ಬರು ಓಡುತ್ತಿದ್ದರೆ ಆಗ ಗೊತ್ತಾಗುತ್ತಿತ್ತು.

ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು, ಅಂದರೆ 42.195 ಕಿಲೋಮೀಟರನ್ನು, 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದರು. ಫೋನಿನಲ್ಲಿ ಭಾಗಿಸಿ ನೋಡಿದೆ. 100 ಮೀಟರಿಗೆ 17.2 ಸೆಕೆಂಡ್. 400 ಮೀಟರಿನ ಒಂದು ರೌಂಡಿಗೆ 69. ಕೇಳುವಾಗ ದೊಡ್ಡದೇನೂ ಅನ್ನಿಸುವುದಿಲ್ಲ. ಅಕ್ಕನ ಮಗನಿಗೂ ಅನ್ನಿಸಲಿಲ್ಲ. ಅವನು ಸೆಕೆಂಡ್ ಪಿಯು, ಕಾಲೇಜಿನ 4×100 ರಿಲೇಯಲ್ಲಿ ಇದ್ದಾನೆ, ಆ ಗತ್ತು ಇದೆ. “17 ಸೆಕೆಂಡಾ? ಅದು ನಾನು ಚಪ್ಪಲಿಯಲ್ಲಿ ಓಡ್ತೇನೆ ಚಿಕ್ಕಮ್ಮ” ಅಂದ.

ಸರಿ, ಬಾ ಅಂತ ಶನಿವಾರ ಬೆಳಿಗ್ಗೆ ಅಣ್ಣ ತಂಗಿ ಇಬ್ಬರನ್ನೂ ಅಜ್ಜರಕಾಡು ಗ್ರೌಂಡಿಗೆ ಕರೆದುಕೊಂಡು ಹೋದೆ. ರಾತ್ರಿಯ ಮಳೆಗೆ ಟ್ರ್ಯಾಕ್ ಇನ್ನೂ ಒದ್ದೆ ಇತ್ತು. ನಾನು ಫೋನ್ ಹಿಡಿದು ನಿಂತೆ, ತಂಗಿ ಗೆರೆ ಹತ್ತಿರ ನಿಂತಳು. ಮೊದಲ ರೌಂಡ್ 66 ಸೆಕೆಂಡಿನಲ್ಲಿ ಬಂದ. ನಗುತ್ತಲೇ ಬಂದ. “ನಿಲ್ಬೇಡ, ಹೋಗು” ಅಂದೆ. ಎರಡನೇ ರೌಂಡಿನ ಅರ್ಧದಲ್ಲಿ ಭುಜ ಮೇಲೆ ಹೋಯಿತು, ತಲೆ ಒಂದು ಕಡೆ ವಾಲಿತು. ಕಾಲು ಎತ್ತುತ್ತಿದ್ದಾನಾ, ಎಳೆಯುತ್ತಿದ್ದಾನಾ ಗೊತ್ತಾಗಲಿಲ್ಲ. ಆ ರೌಂಡಿಗೆ 84. ಬಂದವನೇ ಮಂಡಿಗೆ ಕೈ ಊರಿ ನಿಂತ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ಇನ್ನೆಷ್ಟು ರೌಂಡ್ ಉಂಟು?”

“ನೂರಮೂರೂವರೆ.”

ಅವನು ಟ್ರ್ಯಾಕಿನ ಮೇಲೆಯೇ ಉದ್ದಕ್ಕೆ ಮಲಗಿದ. ತಂಗಿ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು.

ಅಲ್ಲಿ ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು ನಿಂತು ನೋಡುತ್ತಿದ್ದರು. “ಎಂತ ಮಾರ್ರೆ, ಪೊಲೀಸ್ ಸೆಲೆಕ್ಷನ್ನಾ?” ಅಂತ ಕೇಳಿದರು. ವಿಷಯ ಹೇಳಿದೆ. “ಸ್ಪೀಡ್ ನೋಡ್ಬೇಕಾದ್ರೆ ಕಂಬಳಕ್ಕೆ ಹೋಗ್ಬೇಕು ನೀವು” ಅಂದುಬಿಟ್ಟು ಹೊರಟರು. ನಮ್ಮ ಕಡೆ ಸ್ಪೀಡ್ ಅಂದ ಕೂಡಲೇ ಮಾತು ಕೆಸರುಗದ್ದೆಗೆ ಹೋಗಿಯೇ ಹೋಗುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ಟ್ರ್ಯಾಕು) 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಭಾಗಾಕಾರ ಮಾಡಿತ್ತು, ನೆನಪಿದೆಯಲ್ಲ? 100 ಮೀಟರಿಗೆ 9.55, ಬೋಲ್ಟ್‌ನ ವಿಶ್ವದಾಖಲೆ 9.58ಕ್ಕಿಂತ ಕಮ್ಮಿ! ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆಸುತ್ತೇವೆ ಅಂದರು. ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಅಂತ ಗೌಡರೇ ಹೇಳಿ ಹಿಂದೆ ಸರಿದರು. ಆ ಗಲಾಟೆಯಲ್ಲಿ ಲೆಕ್ಕ ಸರಿಯಾಗಿ ಗೊತ್ತಿದ್ದವರು ಅವರೊಬ್ಬರೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಮುಂದೆ ಕೋಣಗಳ ಎಳೆತ ಇರುತ್ತದೆ, ಕಾಲ ಕೆಳಗೆ ನೀರು ಇರುತ್ತದೆ.

ನಾನೂ ಭಾಗಾಕಾರವನ್ನೇ ಮಾಡುತ್ತಿದ್ದೇನೆ, ಹೌದು. ಆದರೆ ಕಿಪ್‌ಚೋಗೆಯ ಆ 17.2 ಒಂದು ಸಲ ಬಂದು ಹೋದದ್ದಲ್ಲ. ಒಂದರ ಹಿಂದೆ ಒಂದರಂತೆ 422 ಸಲ.

ಇನ್ನೊಂದು ಲೆಕ್ಕ ಇದಕ್ಕಿಂತ ಚಂದ. ಟ್ರ್ಯಾಕ್ ಮೇಲಿನ 5000, 10000 ಮೀಟರಿನಲ್ಲಿ ಕೊನೆಯ ರೌಂಡಿಗೆ ಗಂಟೆ ಹೊಡೆಯುತ್ತದಲ್ಲ, ಆಮೇಲಿನದ್ದು ನೋಡಬೇಕು. 2012ರ ಲಂಡನ್ ಒಲಿಂಪಿಕ್ಸ್‌ನ 5000ದಲ್ಲಿ ಬ್ರಿಟನ್ನಿನ ಮೋ ಫರಾ ಕೊನೆಯ 400 ಮೀಟರನ್ನು 52.94 ಸೆಕೆಂಡಿನಲ್ಲಿ ಓಡಿದರು. ಕಾಲಲ್ಲಿ ಆಗಲೇ 4600 ಮೀಟರ್ ಇತ್ತು. ನಮ್ಮ ಹುಡುಗನ ಕಾಲೇಜಿನಲ್ಲಿ 400 ಮೀಟರ್ ಗೆದ್ದವನಿಗೆ 56 ಬೇಕಾಗಿತ್ತು, ಅದೂ ತಾಜಾ ಕಾಲಲ್ಲಿ. ಮರುವರ್ಷ ಅದೇ ಫರಾ 1500 ಮೀಟರನ್ನು 3 ನಿಮಿಷ 28.81ರಲ್ಲಿ ಮುಗಿಸಿದರು. ಅಂದರೆ ರೌಂಡಿಗೆ 56ರ ಒಳಗೆ, ಮೂರು ಮುಕ್ಕಾಲು ರೌಂಡ್.

ಸಿಡ್ನಿ, 2000. 10000 ಮೀಟರ್. 25 ರೌಂಡ್ ಆದ ಮೇಲೆ ಗೆದ್ದ ಹೈಲೆ ಗೆಬ್ರೆಸೆಲಾಸಿಗೂ ಎರಡನೆಯವರಾಗಿ ಬಂದ ಪಾಲ್ ಟೆರ್ಗಟ್‌ಗೂ ನಡುವೆ ಉಳಿದ ಅಂತರ 0.09 ಸೆಕೆಂಡ್. ಅದೇ ಒಲಿಂಪಿಕ್ಸ್‌ನ ಗಂಡಸರ 100 ಮೀಟರ್ ಫೈನಲ್‌ನಲ್ಲಿ ಮೊದಲನೆಯವರಿಗೂ ಎರಡನೆಯವರಿಗೂ ಇದ್ದ ಅಂತರ 0.12. ಇದನ್ನು ಹುಡುಗನಿಗೆ ಹೇಳಿದೆ. ಅವನು ನಂಬದೆ ಫೋನ್ ತೆಗೆದು ನೋಡಿದ. ಆಮೇಲೆ ಆ ವಿಡಿಯೋವನ್ನು ಅಲ್ಲೇ ಕೂತು ಎಷ್ಟೋ ಸಲ ನೋಡಿದರು ಇಬ್ಬರೂ.

ಹಾಗಂತ ಇವರೆಲ್ಲ 100ಕ್ಕೆ ಇಳಿದರೆ ಬೋಲ್ಟ್‌ನ ಹತ್ತಿರ ಬರುತ್ತಾರೆ ಅಂತಲ್ಲ. ಬರುವುದೇ ಇಲ್ಲ. ಸ್ಟಾರ್ಟಿಂಗ್ ಬ್ಲಾಕ್ ಬಿಡುವಾಗಲೇ ಹಿಂದೆ ಬೀಳುತ್ತಾರೆ. ಆ ತೊಡೆ, ಆ ಒದೆತ, ಒಂದೇ ಸಲಕ್ಕೆ ಸಿಡಿಯುವ ಮಾಂಸಖಂಡದ ಎಳೆಗಳು ಅವರಲ್ಲಿ ಅಷ್ಟಿಲ್ಲ. ಅವರಲ್ಲಿ ಜಾಸ್ತಿ ಇರುವುದು ನಿಧಾನಕ್ಕೆ ದಣಿಯುವ ಎಳೆಗಳು. ಆದರೆ ‘ಬೋಲ್ಟ್‌ಗಿಂತ ನಿಧಾನ’ ಅನ್ನುವುದಕ್ಕೂ ‘ಸ್ಪೀಡ್ ಇಲ್ಲ’ ಅನ್ನುವುದಕ್ಕೂ ನಡುವೆ ನಾವೆಲ್ಲ, ನಮ್ಮ ಶಾಲೆಯ 100 ಮೀಟರ್ ಚಾಂಪಿಯನ್‌ಗಳೂ ಸೇರಿ, ಆರಾಮಾಗಿ ಹಿಡಿಸುತ್ತೇವೆ.

ಮತ್ತೆ, ದೂರ ಓಡುವವರಿಗೆ ಸ್ಪೀಡ್ ಯಾಕೆ ಬೇಕು? ಇದನ್ನೇ ಮಾಸ್ಟ್ರಿಗೆ ಹೇಳಬೇಕಿತ್ತು ನಾನು. ಜೀವ ಬಿಟ್ಟು ಓಡಿದರೂ 100 ಮೀಟರಿಗೆ 16 ಸೆಕೆಂಡ್ ಬೇಕಾಗುವವರಿಗೆ 17.2ರ ಓಟ ಅಂದರೆ ಹೆಚ್ಚುಕಮ್ಮಿ ಪೂರ್ತಿ ದಮ್ಮು. 12ರಲ್ಲಿ ಓಡಬಲ್ಲವರಿಗೆ ಅದು ಹತ್ತರಲ್ಲಿ ಏಳು ಪಾಲು. 20 ಸಾವಿರ ಸಂಬಳದಲ್ಲಿ 18 ಸಾವಿರ ಬಾಡಿಗೆಗೇ ಹೋದರೆ ತಿಂಗಳು ಸಾಗುತ್ತದಾ? ಮೇಲಿನ ಮಿತಿ ಎತ್ತರ ಇದ್ದಷ್ಟೂ ಕೆಳಗೆ ಉಸಿರಾಡಲಿಕ್ಕೆ ಜಾಗ ಜಾಸ್ತಿ. ದಮ್ಮು ಬೇರೆ ಬೇಕು, ವರ್ಷಗಟ್ಟಲೆ ಓಡಬೇಕು, ಅದು ನಿಜ. ಸ್ಪೀಡ್ ಒಂದೇ ಇದ್ದರೆ ಏನಾಗುತ್ತದೆ ಅಂತ ನಮ್ಮ ಹುಡುಗ ಎರಡು ರೌಂಡಿನಲ್ಲಿ ತೋರಿಸಿದನಲ್ಲ.

ಇಥಿಯೋಪಿಯಾದ ಟಿಗ್ಸ್ಟ್ ಅಸೆಫಾ ಮೊದಲು 800 ಮೀಟರ್ ಓಡುತ್ತಿದ್ದವರು. 2016ರ ರಿಯೋ ಒಲಿಂಪಿಕ್ಸ್‌ಗೆ ಹೋದದ್ದೇ 800ಕ್ಕೆ. ಎರಡು ನಿಮಿಷದೊಳಗೆ ಓಡಿದ್ದರು. ಅವರೇ 2023ರಲ್ಲಿ ಬರ್ಲಿನ್‌ನಲ್ಲಿ 2:11:53ಕ್ಕೆ ಮ್ಯಾರಥಾನ್ ಮುಗಿಸಿ ವಿಶ್ವದಾಖಲೆ ಮಾಡಿದರು. ರೌಂಡಿಗೆ 75 ಸೆಕೆಂಡ್. ನಮ್ಮ ಹುಡುಗಿ ಶನಿವಾರ ಹಲ್ಲು ಕಚ್ಚಿ ಒಂದೇ ಒಂದು ರೌಂಡ್ ಓಡಿದಾಗ ಬಂದದ್ದು 76. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ ಅಸೆಫಾರನ್ನು ಸಿಫಾನ್ ಹಸನ್ ಮ್ಯಾರಥಾನಿನ ಕೊನೆಯ ಗಳಿಗೆಯಲ್ಲಿ ಸ್ಪ್ರಿಂಟ್ ಮಾಡಿ ಹಿಂದೆ ಹಾಕಿದರು. ಎರಡೂಕಾಲು ಗಂಟೆಗೂ ಮೇಲೆ ಓಡಿ, ಕೊನೆಗೆ 3 ಸೆಕೆಂಡಿನ ಅಂತರ. ಹಸನ್ ಅದಕ್ಕೆ ಮೊದಲು ಅದೇ ಕೂಟದಲ್ಲಿ 5000ಕ್ಕೂ 10000ಕ್ಕೂ ಕಂಚು ತೆಗೆದುಕೊಂಡಿದ್ದರು. ಇವರನ್ನು ಯಾವ ಪಟ್ಟಿಯಲ್ಲಿ ಬರೆಯುತ್ತಾರೆ ನಮ್ಮ ಮಾಸ್ಟ್ರು?

ಅವರದ್ದೂ ಪೂರ್ತಿ ತಪ್ಪಲ್ಲ ಬಿಡಿ. ನಮ್ಮ ಉಡುಪಿ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಸಿದ್ದಾಪುರದ ಅಶ್ವಿನಿ ಅಕ್ಕುಂಜಿ. 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ. ಕಣ್ಣೆದುರು ಇರುವುದು ಅಂಥ ಓಟ ಆದರೆ ಮಾಸ್ಟ್ರ ಕಣ್ಣೂ ಅಲ್ಲೇ ಇರುತ್ತದೆ.

ನನಗೆ ತಡೆಯಲಿಕ್ಕಾಗದ್ದು ಈ ಉಳಿದವರನ್ನು ಹಾಕುವ ಚಾಳಿ. ಮಾರ್ಕ್ ಇದ್ದವರು ಸೈನ್ಸಿಗೆ, ಇಲ್ಲದವರು ಆರ್ಟ್ಸಿಗೆ ಅಂತ ಇದೇ ಊರಿನಲ್ಲಿ ಇದೇ ಧ್ವನಿಯಲ್ಲಿ ಹೇಳುತ್ತಾರೆ. ನನಗೂ ಹೇಳಿದ್ದರು. ಇತಿಹಾಸ ಓದುವುದು ಸುಲಭ ಅಂತ ಅಂದುಕೊಂಡವರು ಹೇಳಿದ್ದು. ಮಕ್ಕಳನ್ನು ಯಾವುದಕ್ಕೆ ಹಾಕುತ್ತೀರಿ ಅನ್ನುವುದು ಬೇರೆ, ಏನು ಹೇಳಿ ಹಾಕುತ್ತೀರಿ ಅನ್ನುವುದು ಬೇರೆ. “ಇವಳಿಗೆ ದಮ್ಮು ಉಂಟು ಮೇಡಂ, 1500 ಓಡ್ಲಿ” ಅಂದಿದ್ದರೆ ಅದೇ ಪಟ್ಟಿ, ಅದೇ ಗೀಟು. ಹುಡುಗಿ ಶೂ ಲೇಸ್ ಬಿಚ್ಚುತ್ತಿರಲಿಲ್ಲ.

ಹೆಸರು ಹೋಗಿ ಆಗಿದೆ, ಇನ್ನು ಬದಲಾಯಿಸಲಿಕ್ಕಿಲ್ಲ. ಅವಳಿಗೂ ಈಗ ಬದಲಾಯಿಸುವುದು ಬೇಡವಂತೆ. ಸಿಡ್ನಿಯ ಆ ಕೊನೆಯ ರೌಂಡ್ ನೋಡಿದ ಮೇಲೆ ಹೊಸ ಹುಚ್ಚು ಹಿಡಿದಿದೆ. ಸಂಜೆ ಅಣ್ಣನ ಜೊತೆ 200 ಮೀಟರ್ ಓಡುತ್ತಾಳಂತೆ, ಅವನು ಮುಂದೆ, ಇವಳು ಹಿಡಿಯಬೇಕು. ಅಣ್ಣ ಸುಮ್ನೆ ಒಪ್ಪುವ ಗಿರಾಕಿಯಾ? ವಾರಕ್ಕೊಂದು ಗಡ್‌ಬಡ್ ಐಸ್‌ಕ್ರೀಮ್ ಬೇಕು ಅಂದ. ತಂಗಿ ಎರಡು ವಾರಕ್ಕೊಂದು ಅಂದಳು. ಚೌಕಾಸಿ ಮುಗಿದ ಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ದುಡ್ಡು ಯಾರದ್ದು ಅಂತ ಅವರು ಮೊದಲೇ ತೀರ್ಮಾನ ಮಾಡಿ ಆಗಿತ್ತು.