ಎತ್ತಿನ ಭುಜಕ್ಕೆ ಹೋಗುವವರೇ, ಬೇಲಿಯ ಕಂಡಿ ನೋಡಿ ನಡೆಯಿರಿ

ನವೆಂಬರಿನಲ್ಲಿ ಎತ್ತಿನ ಭುಜ ಹತ್ತಲು ಮೂಡಿಗೆರೆ ಕಡೆಗೆ ಹೋಗಿದ್ದೆವು. ಬೆಟ್ಟದ ಬಗ್ಗೆ ಹೇಳುವುದು ಕಡಿಮೆ. ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿ, ವಾರಾಂತ್ಯ ತಪ್ಪಿಸಿ. ಸಾಲಿನಲ್ಲಿ ನಿಂತು ಬೆಟ್ಟ ಹತ್ತುವುದು ನನ್ನಿಂದಾಗದು. ಬರೆಯಬೇಕೆನಿಸಿದ್ದು ಅದರ ಹಿಂದಿನ ಬೆಳಗಿನ ಬಗ್ಗೆ.

ತಲೆಗೆ 2,800 ರೂಪಾಯಿ ಕೊಟ್ಟ ಹೋಮ್‌ಸ್ಟೇಯಲ್ಲಿ ಹಾಸಿಗೆಗೆ ಮುಗ್ಗಲು ವಾಸನೆ, ಬಿಸಿನೀರು ಅರ್ಧ ಬಕೆಟ್. ಅದನ್ನು ಸಹಿಸಿಕೊಂಡೆವು. "ಕಾಫಿ ಆಗುವಷ್ಟರಲ್ಲಿ ಗದ್ದೆಯ ಕಡೆ ಒಂದು ಸುತ್ತು ಹೋಗಿಬನ್ನಿ ಸರ್" ಎಂದು ಯಜಮಾನರೇ ಕಳಿಸಿದರು. ಮನೆಯ ನಾಯಿ ಮುಂದೆ, ಏಳು ವರ್ಷದ ಮಗಳು ಅದರ ಬೆನ್ನಿಗೆ. ಬೇಲಿಯ ಕಂಡಿಯಲ್ಲಿ ನುಸುಳಿದ ನಾಯಿ ಒಮ್ಮೆಲೇ ಚೀರಿಕೊಂಡಿತು. ಬೈಕಿನ ಕ್ಲಚ್ ತಂತಿಯ ಉರುಲು ಸೊಂಟಕ್ಕೆ ಬಿಗಿದಿತ್ತು. ಅದು ಎಳೆದಾಡಿದಷ್ಟೂ ತಂತಿ ಒಳಗಿಳಿಯುತ್ತಿತ್ತು. ತಲೆಗೆ ಜಾಕೆಟ್ ಹೊದಿಸಿ, ಗೂಟದ ಕಡೆಗೇ ನಾಯಿಯನ್ನು ತಳ್ಳಿ ತಂತಿ ಸಡಿಲಿಸಿದ ಮೇಲಷ್ಟೇ ಕುಣಿಕೆ ಜಾರಿತು. ಆ ಕುಣಿಕೆ ಇದ್ದದ್ದು ಮಗಳ ಮೊಣಕಾಲಿನ ಎತ್ತರದಲ್ಲಿ.

"ಭತ್ತ ತೆನೆಗಟ್ಟಿದೆಯಲ್ಲ, ಹಂದಿಗೆ ಇಟ್ಟಿರುತ್ತಾರೆ" ಎಂದರು ಯಜಮಾನರು. ಗೊತ್ತಿದ್ದೂ ನಮ್ಮನ್ನು ಆ ದಾರಿಗೆ ಕಳಿಸಿದ್ದರು! ಕೋಣೆಯ ಬಾಡಿಗೆಗಿಂತ ನನಗೆ ಸಿಟ್ಟು ಬಂದದ್ದು ಇದಕ್ಕೆ.

ಬೆಳೆ ಕಳೆದುಕೊಳ್ಳುವ ರೈತರ ಸಂಕಟ ಸಣ್ಣದಲ್ಲ. ಆದರೆ ಹಂದಿಗೆಂದು ಇಟ್ಟ ಉರುಲಿಗೆ ಚಿರತೆ ಬಿದ್ದ ಸುದ್ದಿ ಮಲೆನಾಡಿನಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಲು ಹಾಕಿ ಹಿಡಿಯುವುದೂ ಬೇಟೆಯೇ, ಅದರ ಪ್ರಯತ್ನವೂ ಬೇಟೆಯೇ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಕಾಲುದಾರಿಯಿಂದ 25 ಗಜ ಬಿಟ್ಟರೆ ಉರುಲು ಇಡಬಹುದಾಗಿತ್ತು. 2018ರಲ್ಲಿ ರಾಕ್ಸಿ ಎಂಬ ನಾಯಿ ಒಡೆಯನ ಕಣ್ಣೆದುರೇ ಉರುಲಿಗೆ ಸಿಕ್ಕಿ ಸತ್ತ ಮೇಲೆ ಅದೇ ಹೆಸರಿನಿಂದ ಕರೆಯಲಾಗುವ ಕಾನೂನು ಬಂದು, 2022ರ ಏಪ್ರಿಲ್ 1ರಿಂದ ಸಾರ್ವಜನಿಕ ಭೂಮಿಯಲ್ಲಿ, ಕೆಲವು ವಿನಾಯಿತಿ ಬಿಟ್ಟು, ಅದು ನಿಂತಿತು. ನಮಗೆ ಹೊಸ ಕಾನೂನು ಬೇಕಿಲ್ಲ. ಪ್ರವಾಸಿಗರು ನಡೆಯುವ ದಾರಿಯ ಇಕ್ಕೆಲದ ಬೇಲಿಗಳನ್ನು ಸುಗ್ಗಿಗೆ ಮುನ್ನ ಯಾರಾದರೂ ಒಮ್ಮೆ ತಡಕಿ ನೋಡಬೇಕು. ಹೋಮ್‌ಸ್ಟೇ ನಡೆಸುವವರು ತಮ್ಮ ಸುತ್ತಿನ ದಾರಿಗೆ ತಾವೇ ಹೊಣೆ ಹೊರಬೇಕು.

ಹೋಗುವವರು ಚೀಲದಲ್ಲೊಂದು ಕಟಿಂಗ್ ಪ್ಲೈಯರ್ ಇಟ್ಟುಕೊಳ್ಳಿ. ಮಕ್ಕಳನ್ನು ಕಂಡಿಗಳಲ್ಲಿ ನುಸುಳಲು ಬಿಡಬೇಡಿ. ಸಿಕ್ಕಿಬಿದ್ದದ್ದು ಕಾಡುಪ್ರಾಣಿಯಾದರೆ ಹತ್ತಿರ ಸುಳಿಯದೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಊಟಕ್ಕೆ ಮಾತ್ರ ಹೋಮ್‌ಸ್ಟೇ ನಂಬಬೇಡಿ. ಮೂಡಿಗೆರೆ ಪೇಟೆಯಲ್ಲಿ ಅಜ್ಜಿ, ಸೊಸೆ ಇಬ್ಬರೇ ನಡೆಸುವ ನಾಲ್ಕು ಮೇಜಿನ ಹೋಟೆಲಿಗೆ ಹೋಗಿ. ಹಬೆಯಾಡುವ ಕಡುಬು, ಮೇಲೆ ತುಪ್ಪ, ಪಕ್ಕದಲ್ಲಿ ಹಸಿಮೆಣಸಿನ ಕಾಯಿಚಟ್ನಿ. ಬೆಲ್ಲದ ಕಾಫಿಯೂ ಸೇರಿ 50 ರೂಪಾಯಿ. ಬೆಳಗಿನಿಂದ ಬಾಯಿಬಿಡದಿದ್ದ ಮಗಳು ಅಲ್ಲಿ ಮೂರು ಕಡುಬು ತಿಂದಳು. ಅಜ್ಜಿ ನಾಲ್ಕನೆಯದನ್ನು ಲೆಕ್ಕಕ್ಕೆ ಹಿಡಿಯದೆ ಬಡಿಸಿದರು. ಒಂಬತ್ತೂವರೆಯೊಳಗೆ ಹೋಗಿ, ಆಮೇಲೆ ಉಳಿಯುವುದಿಲ್ಲ.