ಮೆಟಲ್ ಗಿಟಾರಿಸ್ಟ್, ಟೆಕ್ನೋ ಡಿಜೆ: ಸೌಂಡ್ ಟೇಬಲ್ಲಿನ ಕಡೆಯಿಂದ

ಒಂದೇ ಸಂಜೆ, ಒಂದೇ ಸೌಂಡ್ ಸಿಸ್ಟಮ್. ಮೊದಲು ಮೆಟಲ್ ಬ್ಯಾಂಡ್, ಆಮೇಲೆ ಟೆಕ್ನೋ ಡಿಜೆ. ಮಂಗಳೂರು, ಮಣಿಪಾಲದ ಕಡೆ ಸೌಂಡಿನ ಕೆಲಸ ಮಾಡುವವರಿಗೆ ಇಂಥ ಪಟ್ಟಿ ಆಗಾಗ ಕೈಗೆ ಬರುತ್ತದೆ. ಎರಡೂ ‘ಜೋರು ಮ್ಯೂಸಿಕ್’ ಎಂದು ಸಂಘಟಕರು ಒಂದೇ ಬುಟ್ಟಿಗೆ ಹಾಕುತ್ತಾರೆ. ಎರಡು ವೃತ್ತಿಗಳು ಎಷ್ಟು ಬೇರೆ ಎಂಬುದು ಮೊದಲು ಗೊತ್ತಾಗುವುದು ಸಬ್‌ವೂಫರಿನಲ್ಲಿ, ಅಂದರೆ ತಳದ ಶಬ್ದದ ಸ್ಪೀಕರಿನಲ್ಲಿ.

ಲೆಕ್ಕ ನೋಡಿ. ಟೆಕ್ನೋ 135 ಬಿಪಿಎಂನಲ್ಲಿ (ನಿಮಿಷಕ್ಕೆ 135 ಬೀಟ್) ಓಡುತ್ತಿದ್ದರೆ ಒಂದು ಕಿಕ್ಕಿಗೂ (ದೊಡ್ಡ ಡ್ರಮ್ಮಿನ ಹೊಡೆತ) ಮುಂದಿನದಕ್ಕೂ ನಡುವೆ ಸುಮಾರು 444 ಮಿಲಿಸೆಕೆಂಡ್. 50 ಹರ್ಟ್ಸ್‌ನ ಒಂದು ಅಲೆಗೆ 20 ಮಿಲಿಸೆಕೆಂಡ್ ಸಾಕು, ಹಾಗಾಗಿ ಕಿಕ್ಕಿನ ಬಾಲ ಬಿಚ್ಚಿಕೊಳ್ಳಲು ಜಾಗ ಧಾರಾಳ. ಮೆಟಲ್ ಡ್ರಮ್ಮರ್ 200 ಬಿಪಿಎಂನಲ್ಲಿ ಡಬಲ್ ಪೆಡಲ್ ತುಳಿದು ಹದಿನಾರರ ನಡೆ (ಒಂದು ಬೀಟಿಗೆ ನಾಲ್ಕು ಹೊಡೆತ) ಹಿಡಿದರೆ ಸೆಕೆಂಡಿಗೆ 13ಕ್ಕೂ ಹೆಚ್ಚು ಹೊಡೆತ, ನಡುವೆ 75 ಮಿಲಿಸೆಕೆಂಡ್. ಅಷ್ಟರಲ್ಲಿ ಅದೇ 50 ಹರ್ಟ್ಸ್‌ನ ನಾಲ್ಕು ಅಲೆಯೂ ಮುಗಿಯುವುದಿಲ್ಲ. ಡಿಜೆಗೆ ಇಟ್ಟ ಸಬ್ ಲೆವೆಲನ್ನೇ ಬ್ಯಾಂಡಿಗೂ ಬಿಟ್ಟರೆ ಕಿಕ್ಕುಗಳು ಒಂದರ ಮೇಲೊಂದು ಬಿದ್ದು ಬರೀ ಗುಡುಗು ಕೇಳುತ್ತದೆ. ಆದ್ದರಿಂದ ಬ್ಯಾಂಡಿನ ಕಿಕ್ಕಿಗೆ ಗೇಟ್ (ಹೊಡೆತದ ಬಾಲ ಕತ್ತರಿಸುವ ಸಾಧನ) ಹಾಕಿ, ಸಬ್ ಇಳಿಸಿ, 4 ಕಿಲೋಹರ್ಟ್ಸ್ ಆಸುಪಾಸಿನ ‘ಟಿಕ್’ ಎತ್ತಬೇಕು. ಡಿಜೆ ಬಂದಾಗ ಸಬ್ ವಾಪಸ್ ಏರಿಸುವುದು.

ಡಿಜೆಯ ಕೆಲಸದ ಮುಕ್ಕಾಲು ಪಾಲು ಮನೆಯಲ್ಲೇ ಮುಗಿದಿರಬೇಕು. ಹಾಡುಗಳನ್ನು ರೆಕಾರ್ಡ್‌ಬಾಕ್ಸ್ ಸಾಫ್ಟ್‌ವೇರಿನಲ್ಲಿ ಅನಲೈಸ್ ಮಾಡಿ, ಬೀಟ್‌ಗ್ರಿಡ್ (ಬೀಟುಗಳ ಗುರುತು) ಸರಿಯಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಿ, ಕ್ಯೂ ಪಾಯಿಂಟ್ (ಹಾಡು ಎಲ್ಲಿಂದ ಶುರು ಎಂಬ ಗುರುತು) ಇಟ್ಟು, ಎಕ್ಸ್‌ಪೋರ್ಟ್ ಮಾಡಬೇಕು. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಆಗಿರಲಿ. ಎನ್‌ಟಿಎಫ್‌ಎಸ್ ಮಾಡಿ ತಂದದ್ದನ್ನು ಸಿಡಿಜೆ (ಡಿಜೆಯ ಪ್ಲೇಯರ್) ಓದುವುದೇ ಇಲ್ಲ, ಹಳೆಯ ಮಾಡೆಲ್‌ಗಳು ಎಕ್ಸ್‌ಫ್ಯಾಟನ್ನೂ ಓದುವುದಿಲ್ಲ. ಒಂದೇ ಸರಕನ್ನು ಎರಡು ಡ್ರೈವ್‌ಗೆ ಹಾಕಿ. ಎರಡು ಪ್ಲೇಯರ್‌ಗಳಿಗೆ ನಡುವೆ ಲ್ಯಾನ್ ಕೇಬಲ್ ಇದ್ದರೆ ಒಂದೇ ಡ್ರೈವ್ ಸಾಕು, ನಿಜ. ಆ ಕೇಬಲ್ಲಿನ ಕ್ಲಿಪ್ ಮುರಿದಿದ್ದರೆ, ಯಾರದಾದರೂ ಕಾಲು ತಾಗಿದರೆ ಎರಡನೇ ಪ್ಲೇಯರ್ ಖಾಲಿ. ಯೂಟ್ಯೂಬಿನಿಂದ ಇಳಿಸಿದ ಫೈಲ್ ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ದೊಡ್ಡ ಸಿಸ್ಟಮಿನಲ್ಲಿ ಹೈ-ಹ್ಯಾಟ್ ಎಲ್ಲ ನೀರಾಗುತ್ತದೆ. 320 ಕೆಬಿಪಿಎಸ್ ಎಂಪಿ3 ಅಥವಾ ವೇವ್ ಫೈಲನ್ನೇ ತನ್ನಿ.

ಟೆಕ್ನೋದಲ್ಲಿ ಎರಡು ಟ್ರ್ಯಾಕು ನಿಮಿಷಗಟ್ಟಲೆ ಒಟ್ಟಿಗೆ ಓಡುತ್ತವೆ. ಆಗ ಒಂದರ ಲೋ (ತಳದ ಶಬ್ದ) ಮುಚ್ಚಿರಲೇಬೇಕು. ಎರಡೂ ಕಿಕ್ಕು ತೆರೆದಿದ್ದರೆ ಒಮ್ಮೆ ಉಬ್ಬುತ್ತದೆ, ಒಮ್ಮೆ ಒಂದನ್ನೊಂದು ನುಂಗಿ ಟೊಳ್ಳಾಗುತ್ತದೆ. ಬೂತ್ ಮಾನಿಟರ್ (ಡಿಜೆಯ ಪಕ್ಕದ ಸ್ಪೀಕರ್) ಕೇಳಿಯೇ ಬೀಟ್ ಕೂಡಿಸಿ. ಮೇನ್ ಸ್ಪೀಕರ್ 10 ಮೀಟರ್ ದೂರವಿದ್ದರೆ ಅದರ ಶಬ್ದ ಸುಮಾರು 29 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅದನ್ನು ಹೆಡ್‌ಫೋನಿಗೆ ಹೊಂದಿಸಹೋದರೆ ಜನರಿಗೆ ಕೇಳುವುದು ಜೋಡಿ ಹೊಡೆತ. ಇನ್ನು ಮಿಕ್ಸರಿನ ಕೆಂಪು ದೀಪ. ಅದು ಹತ್ತಿದ ಮೇಲೆ ನಮ್ಮ ಕಡೆಯಿಂದ ಶಬ್ದ ಕಡಿಮೆ ಮಾಡಬಹುದು, ಒಡೆದದ್ದನ್ನು ಜೋಡಿಸಲು ಆಗುವುದಿಲ್ಲ ಮಾರಾಯ್ರೆ.

ಗಿಟಾರಿಸ್ಟ್‌ನ ಕಥೆ ಉಲ್ಟಾ. ಡಿಜೆ ಕೊಡುವುದು ಎರಡು ಚಾನೆಲ್ ಸಿದ್ಧ ಶಬ್ದ. ಗಿಟಾರಿನ ಶಬ್ದ ಅಲ್ಲೇ, ವೇದಿಕೆಯ ಮೇಲೆ ಹುಟ್ಟಬೇಕು. ಕೆಡಲು ಹತ್ತು ದಾರಿ. ಡ್ರಾಪ್ ಸಿ ಟ್ಯೂನಿಂಗಿಗೆ (ತಂತಿಗಳನ್ನು ಮಾಮೂಲಿಗಿಂತ ಕೆಳಗಿನ ಸ್ವರಕ್ಕೆ ಇಳಿಸುವುದು) 9-42ರ ಸಪೂರ ತಂತಿ ಹಾಕಿಕೊಂಡು ಬರುವವರಿದ್ದಾರೆ. ತಂತಿ ಜೋತುಬಿದ್ದು, ಗಟ್ಟಿ ಹೊಡೆದ ಕೂಡಲೇ ಸ್ವರ ಮೇಲೇರಿ ಇಳಿಯುತ್ತದೆ. 11-56ರ ಹತ್ತಿರದ ದಪ್ಪ ಸೆಟ್ ಹಾಕಿ, ಇಂಟೊನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿಯಿರುವುದು) ಮತ್ತೆ ಹೊಂದಿಸಿ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿಯವರು ಸಪೂರ ತಂತಿಯನ್ನು ಸಡಿಲಿಸಿ ನುಡಿಸಿದ್ದಕ್ಕೆ ಕಾರಣವಿತ್ತು: ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಹೋಗಿತ್ತು. ಹತ್ತೂ ಬೆರಳು ಸರಿಯಿರುವವರಿಗೆ ಆ ನೆವ ಇಲ್ಲ.

ದೊಡ್ಡ ತಪ್ಪು ಆಂಪಿನಲ್ಲಿ ಮಿಡ್ (ನಡುವಿನ ಶಬ್ದ) ಸೊನ್ನೆ ಮಾಡುವುದು. ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಅದು ಭಾರೀ ಅನಿಸುತ್ತದೆ. ಬ್ಯಾಂಡಿನಲ್ಲಿ ಮೇಲಿನದನ್ನು ಸಿಂಬಲ್, ಕೆಳಗಿನದನ್ನು ಬೇಸ್ ಹಿಡಿದಿರುತ್ತವೆ. ಮಿಡ್ ತೆಗೆದ ಗಿಟಾರಿಗೆ ಉಳಿಯುವ ಜಾಗವೇ ಇಲ್ಲ. ಮಿಡ್ ಅರ್ಧಕ್ಕೆ ಇಡಿ, ಗೇನ್ (ಡಿಸ್ಟಾರ್ಶನ್ ಏರಿಸುವ ಗುಂಡಿ) ಮನೆಯದ್ದಕ್ಕಿಂತ ಕಡಿಮೆ ಮಾಡಿ. 80–100 ಹರ್ಟ್ಸ್‌ನ ಕೆಳಗಿನದನ್ನು ಹೇಗೂ ನಾವು ಕತ್ತರಿಸುತ್ತೇವೆ. ಮೈಕು, ಸಾಮಾನ್ಯವಾಗಿ ಶೂರ್ ಎಸ್‌ಎಂ57, ಸ್ಪೀಕರ್ ಕೋನ್‌ನ ನಟ್ಟನಡುವೆ ಇಟ್ಟರೆ ಕಿವಿಗೆ ಚುಚ್ಚುತ್ತದೆ. ಮೂರು–ನಾಲ್ಕು ಸೆಂಟಿಮೀಟರ್ ಅಂಚಿನ ಕಡೆ ಸರಿಸಿದರೆ ಮೈ ಬರುತ್ತದೆ. ಮಾಡೆಲರ್ (ಆಂಪಿನ ಶಬ್ದ ಅನುಕರಿಸುವ ಡಿಜಿಟಲ್ ಪೆಟ್ಟಿಗೆ) ತರುವವರು ಒಂದನ್ನು ನೆನಪಿಡಿ: ನೇರ ನಮಗೆ ಲೈನ್ ಕೊಡುವಾಗ ಕ್ಯಾಬ್ ಸಿಮ್ಯುಲೇಶನ್ (ಸ್ಪೀಕರ್ ಕ್ಯಾಬಿನೆಟ್ಟಿನ ಅನುಕರಣೆ) ಆನ್, ನಿಜವಾದ ಕ್ಯಾಬಿನೆಟ್ಟಿಗೆ ಹೋಗುವಾಗ ಆಫ್. ಮೊದಲನೆಯದನ್ನು ಮರೆತರೆ ಡಬ್ಬದೊಳಗೆ ಜೇನ್ನೊಣ ಬಿಟ್ಟಂತೆ ಕೇಳುತ್ತದೆ. ಟ್ಯೂಬ್ ಹೆಡ್ (ವಾಲ್ವ್ ಆಂಪ್) ಇದ್ದರೆ ಕ್ಯಾಬಿನೆಟ್ ಸಿಕ್ಕಿಸದೆ ಸ್ವಿಚ್ ಹಾಕಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ನಡುವೆ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ಅಲ್ಲ.

ಮೈದಾನದಲ್ಲಿ ಜನರೇಟರ್ ಇದ್ದರೆ ಅರ್ತಿಂಗ್ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ. ಹಾಡುವ ಗಿಟಾರಿಸ್ಟ್‌ಗೆ ಅಪಾಯ ಹೆಚ್ಚು: ಕೈ ತಂತಿಯ ಮೇಲೆ, ತುಟಿ ಮೈಕಿನ ಜಾಲರಿಯ ಮೇಲೆ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಮೊನೆ ತಂತಿಗೆ, ಇನ್ನೊಂದು ಜಾಲರಿಗೆ ಹಿಡಿಯಿರಿ. ಹತ್ತಾರು ವೋಲ್ಟ್ ತೋರಿಸಿದರೆ ಆಂಪ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಹಮ್ (ಗುಂಯ್ ಎನ್ನುವ ಶಬ್ದ) ಬರುತ್ತದೆಂದು ಪ್ಲಗ್ಗಿನ ಮೂರನೇ ಪಿನ್ ತೆಗೆಯುವ ಚಾಳಿ ಪ್ರಾಣಕ್ಕೇ ಬರುತ್ತದೆ. ಹಮ್ಮಿಗೆ ಡಿಐ ಬಾಕ್ಸಿನ (ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಅದು ಸಿಗ್ನಲ್ಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಕರೆಂಟಿನ ಅರ್ತ್ ಹಾಗೇ ಇರುತ್ತದೆ.

ಪಣಂಬೂರು, ಮಲ್ಪೆಯ ಉಪ್ಪುಗಾಳಿ ಇಬ್ಬರನ್ನೂ ಬಿಡುವುದಿಲ್ಲ. ತಂತಿ ಬೇಗ ತುಕ್ಕು ಹಿಡಿಯುತ್ತದೆ, ಜ್ಯಾಕು ಕರಕರ ಅನ್ನುತ್ತದೆ, ಫೇಡರಿನೊಳಗೆ ಮರಳು ಸೇರುತ್ತದೆ. ಏಸಿ ಕಾರಿನಿಂದ ಇಳಿಸಿದ ಗಿಟಾರನ್ನು ಅರ್ಧ ಗಂಟೆ ಹೊರಗಾಳಿಗೆ ಬಿಟ್ಟು ಆಮೇಲೆ ಟ್ಯೂನ್ ಮಾಡಿ.

ದುಡ್ಡಿನ ಮಾತು. ಬರೀ ಟೆಕ್ನೋ ನುಡಿಸಿ ಅಥವಾ ಬರೀ ಮೆಟಲ್ ನುಡಿಸಿ ಕರಾವಳಿಯಲ್ಲಿ ಹೊಟ್ಟೆ ತುಂಬುವುದು ಕಷ್ಟ. ಡಿಜೆಗೆ ಅನ್ನ ಕೊಡುವುದು ಮದುವೆ, ಮೆಹೆಂದಿ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ). ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಹಿಂದೂ ಮದುವೆ ಇಲ್ಲ, ಈಸ್ಟರಿಗೆ ಮುಂಚಿನ ಕಪ್ಪುದಿನಗಳಲ್ಲಿ ಕ್ರೈಸ್ತರ ಮದುವೆ ಇಲ್ಲ. ಕೈ ಖಾಲಿ ಇರುವ ಆ ವಾರಗಳಲ್ಲೇ ಸ್ವಂತ ಟ್ರ್ಯಾಕ್ ಮಾಡಿ ಮುಗಿಸುವವರು ಮುಂದೆ ಹೋಗುತ್ತಾರೆ, ಏಕೆಂದರೆ ಹೊರಊರಿನ ಕ್ಲಬ್ಬು ಕೇಳುವುದು ಅದನ್ನೇ. ಗಿಟಾರಿಸ್ಟ್‌ಗೆ ಪಾಠ, ತುಳು ಸಿನಿಮಾದ ಸ್ಟುಡಿಯೋ ಕೆಲಸ, ಮದುವೆ ಬ್ಯಾಂಡು. ಡಿಜೆ ಒಬ್ಬನೇ ಒಂದು ಬ್ಯಾಗ್ ಹಿಡಿದು ಬಸ್ಸು ಹತ್ತಬಹುದು. ಬ್ಯಾಂಡಿನ ಸಂಭಾವನೆ ಐದು ಪಾಲಾಗಿ, ಡ್ರಮ್ಮು ಸಾಗಿಸಿದ ವ್ಯಾನಿನ ಬಾಡಿಗೆ ಕಳೆದು ಕೈಗೆ ಬರುತ್ತದೆ. ಹೆಸರು ಬರಲೂ ವರ್ಷಗಳು ಬೇಕು: ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ ಶುರುವಾದ ಮೆಟಲ್ ಬ್ಯಾಂಡ್; ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿದ್ದು 2013ರಲ್ಲಿ.

ಬಯಲು ಕಾರ್ಯಕ್ರಮಕ್ಕೆ ರಾತ್ರಿ 10ರ ಗಡುವು ಇದೆ. ಬ್ಯಾಂಡು 20 ನಿಮಿಷ ತಡ ಮಾಡಿದರೆ ಅದು ಡಿಜೆಯ ಹೊತ್ತಿನಿಂದಲೇ ಹೋಗುತ್ತದೆ. ಅದಕ್ಕೇ ಡಿಜೆ ಟೇಬಲ್ಲನ್ನು ಮಧ್ಯಾಹ್ನವೇ ವೈರ್ ಮಾಡಿ, ಚೆಕ್ ಮಾಡಿ, ಬಟ್ಟೆ ಮುಚ್ಚಿ ವೇದಿಕೆಯ ಬದಿಗೆ ಸರಿಸಿಡುವುದು. ಬ್ಯಾಂಡಿನ 20–24 ಚಾನೆಲ್ ಬಿಚ್ಚುವ ಮೊದಲೇ ಮೊದಲ ಕಿಕ್ಕು ಶುರುವಾಗಬೇಕು.